ಮಂಗ ಸತ್ತರೆ ಮೊದಲ ಫೋನ್ ಯಾರಿಗೆ? ಕಾಯಿಲೆ ಕಾಲದಲ್ಲಿ ಹೆಂಗಸರ ನಾಯಕತ್ವ

ಚಳಿ ಬಿದ್ದು ಅಡಕೆ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನ ಊರುಗಳಲ್ಲಿ ಒಂದು ಸುದ್ದಿಗೆ ಎಲ್ಲರ ಕಿವಿಯೂ ನೆಟ್ಟಿರುತ್ತದೆ. ಎಲ್ಲಾದರೂ ಮಂಗ ಸತ್ತಿದೆಯಾ? ತೋಟದ ಮೇಲಿನ ಬೆಟ್ಟದ ಕಡೆಯಿಂದ ವಾಸನೆ ಬಂತು, ಹೋಗಿ ನೋಡಿದರೆ ಮುಸಿಯ ಸತ್ತು ಬಿದ್ದಿದೆ ಎಂದಿಟ್ಟುಕೊಳ್ಳಿ. ಕಂಡವರು ಮೊದಲು ಫೋನ್ ಮಾಡುವುದು ಸಾಮಾನ್ಯವಾಗಿ ತಾಲ್ಲೂಕು ಕಚೇರಿಗಲ್ಲ, ಪಕ್ಕದ ಕೇರಿಯ ಆಶಾ ಕಾರ್ಯಕರ್ತೆಗೆ. ಅಲ್ಲಿಂದ ಸುದ್ದಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಪಂಚಾಯ್ತಿಗೆ, ಅರಣ್ಯ ಮತ್ತು ಪಶು ಇಲಾಖೆಗಳಿಗೆ, ಕೊನೆಗೆ ಕಾರವಾರದ ಜಿಲ್ಲಾ ಕಚೇರಿಗೆ ಹೋಗುತ್ತದೆ.

ಈ ಸರಪಳಿಯ ಮೊದಲ ಕೊಂಡಿ ಹೆಣ್ಣುಮಗಳು. ಎಷ್ಟೋ ಕಡೆ ಎರಡನೆಯದೂ ಮೂರನೆಯದೂ ಹೌದು: ಆರೋಗ್ಯ ಕೇಂದ್ರದ ಸಿಸ್ಟರ್, ಪಂಚಾಯ್ತಿ ಅಧ್ಯಕ್ಷೆ. ಹಾಗಿದ್ದೂ ಕಾಯಿಲೆಯ ಕಾಲದಲ್ಲಿ ‘ಮುಂದಾಳು’ ಎಂದರೆ ನಮ್ಮ ಕಣ್ಣಿಗೆ ಬರುವ ಚಿತ್ರ ಬೇರೆ. ಅದು ಯಾಕೆ, ಆ ನಾಯಕತ್ವ ನಿಜಕ್ಕೂ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ತಡೆ ಬೀಳುತ್ತದೆ ಎಂಬುದನ್ನು ಬುಡದಿಂದ ನೋಡೋಣ.

ಮಂಗನ ಕಾಯಿಲೆಯಿಂದಲೇ ಶುರು ಮಾಡುವುದೇಕೆ?

ಈ ಕಾಯಿಲೆ ನಮ್ಮ ನೆಲದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ್ದರಿಂದ ವೈದ್ಯರು ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ ಅಥವಾ ಕೆಎಫ್‌ಡಿ ಅನ್ನುತ್ತಾರೆ. ಕಾರಣ ಒಂದು ವೈರಸ್. ಅದನ್ನು ಹೊತ್ತು ತಿರುಗುವುದು ಉಣುಗು. ಸಾಸಿವೆ ಕಾಳಿಗಿಂತ ಸಣ್ಣದಾದ ಮರಿ ಉಣುಗುಗಳು ಒಣ ಎಲೆಯ ನಡುವೆ, ಗಿಡದ ತುದಿಯಲ್ಲಿ ಕೂತಿದ್ದು ಹಾದುಹೋಗುವವರ ಮೈ ಹತ್ತುತ್ತವೆ. ಕಪ್ಪು ಮೋರೆಯ ಮುಸಿಯಕ್ಕೂ ಕೆಂಪು ಮೋರೆಯ ಮಂಗಕ್ಕೂ ಈ ವೈರಸ್ ತಗುಲಿದರೆ ಹೆಚ್ಚಾಗಿ ಸಾಯುತ್ತವೆ. ಸತ್ತ ಮೈ ತಣ್ಣಗಾದ ಮೇಲೆ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲೂ ಚದುರುತ್ತವೆ. ಮಂಗ ಸತ್ತ ಜಾಗ ಅಪಾಯದ ಜಾಗವಾಗುವುದು ಹೀಗೆ. ಅದಕ್ಕೇ ಸುತ್ತ 50 ಮೀಟರ್‌ನಷ್ಟು ಜಾಗಕ್ಕೆ ಕೀಟನಾಶಕದ ಪುಡಿ ಹಾಕುತ್ತಾರೆ.

ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ಒಮ್ಮೆಲೇ ಜ್ವರ ಏರುತ್ತದೆ. ತಲೆ ಸಿಡಿಯುತ್ತದೆ, ಸೊಂಟ ಕಾಲು ಹಿಂಡಿದಂತಾಗುತ್ತದೆ, ಕೆಲವರಿಗೆ ರಕ್ತಸ್ರಾವವೂ ಆಗುತ್ತದೆ. ರೋಗ ತಗುಲಿದ ನೂರರಲ್ಲಿ 3ರಿಂದ 5 ಜನ ಸಾಯುತ್ತಾರೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎಂಬುದೊಂದು ಸಮಾಧಾನ. 2024ರ ಆರಂಭದ ತಿಂಗಳುಗಳಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಇದು ಜೋರಾಗಿ ಕಾಣಿಸಿಕೊಂಡು ಸಾವುಗಳೂ ಆದವು.

ನಾಯಕತ್ವದ ಮಾತಿಗೆ ಇದರ ನಂಟು ಇಲ್ಲಿದೆ. ಈ ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ವರ್ಷಗಟ್ಟಲೆ ಕೊಡುತ್ತಿದ್ದ ಲಸಿಕೆಗೆ ಸಾಕಷ್ಟು ಗುಣವಿಲ್ಲವೆಂದು ಕಂಡುಬಂದು ಅದನ್ನೂ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ನಡೆದಿದೆ. ಅದು ಊರಿಗೆ ಬರುವವರೆಗೆ ಉಳಿದ ದಾರಿ ಮೂರೇ. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ತೊಳೆಯಬೇಕು, ಜ್ವರ ಬಂದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು. ಮೂರನ್ನೂ ಮಾಡಬೇಕಾದವರು ಜನ. ಜನ ಮಾಡಬೇಕೆಂದರೆ ಹೇಳುವವರ ಮೇಲೆ ನಂಬಿಕೆ ಇರಬೇಕು. ನಾಯಕತ್ವ ಏನು ಕೆಲಸ ಮಾಡುತ್ತದೆ ಎಂಬುದು ಇಂಥ ಕಾಯಿಲೆಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಅಂಗಳದಲ್ಲಿ ನಡೆಯುವ ಕೆಲಸ

ಬೆಳಿಗ್ಗೆ ಎಂಟರ ಹೊತ್ತು. ಒಬ್ಬರು ಹೆಡಿಗೆ ಕತ್ತಿ ಹಿಡಿದು ದರಕು ತರಲು ಬೆಟ್ಟಕ್ಕೆ ಹೊರಟಿದ್ದಾರೆ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಲು, ಆಮೇಲೆ ತೋಟಕ್ಕೆ ಗೊಬ್ಬರವಾಗಲು ಒಣ ಎಲೆ ಬೇಕೇ ಬೇಕು. ದಣಪೆ ದಾಟುವಷ್ಟರಲ್ಲಿ ಗುಲಾಬಿ ಸೀರೆಯ ಆಶಾ ಅಕ್ಕ ಎದುರಾಗುತ್ತಾಳೆ.

“ಎಣ್ಣೆ ಹಚ್ಚಿದ್ರಾ?”

“ಆ ವಾಸನೆಗೆ ತಲೆ ತಿರುಗ್ತದೆ ಮಾರಾಯ್ತಿ. ಕೈಗೆ ಹಚ್ಚಿಕೊಂಡು ಊಟ ಮಾಡೋದು ಹೇಗೆ?”

“ಬೆಟ್ಟದಿಂದ ಬಂದು ಸೋಪು ಹಾಕಿ ತೊಳೆದು ಉಣ್ಣಿ. ಕಾಲಿಗಾದರೂ ಈಗಲೇ ಹಚ್ಚಿ, ನಾ ನಿಂತಿದ್ದೇನೆ.”

ಹಾಗೆಂದು ಅವಳು ಅಲ್ಲೇ ಕಟ್ಟೆಯ ಮೇಲೆ ಕೂತುಬಿಡುತ್ತಾಳೆ. ಹಚ್ಚಿ ಮುಗಿಯುವ ತನಕ ಸೊಸೆಯ ಬಾಣಂತನ, ಎಮ್ಮೆ ಕರು ಹಾಕಿದ್ದು, ಮೇಲಿನ ಮನೆಯ ಹುಡುಗನಿಗೆ ಎರಡು ದಿನದಿಂದ ಜ್ವರ ಇದ್ದದ್ದು, ಎಲ್ಲ ಮಾತಾಗುತ್ತದೆ. ಜ್ವರದ ಸುದ್ದಿ ಕೇಳಿದ್ದೇ ಅವಳ ಕಾಲು ಮೇಲಿನ ಮನೆಯತ್ತ ತಿರುಗುತ್ತದೆ.

ಮೇಲ್ನೋಟಕ್ಕೆ ಇದು ಹರಟೆ. ಬಿಡಿಸಿ ನೋಡಿದರೆ ಇಲ್ಲಿ ನಾಲ್ಕು ಕೆಲಸ ಆಗಿದೆ. ಜನ ಎಣ್ಣೆಯನ್ನು ಯಾಕೆ ಹಚ್ಚುವುದಿಲ್ಲ ಎಂಬ ಕಾರಣ ಸಿಕ್ಕಿತು. ಆ ಕಾರಣಕ್ಕೆ ತಕ್ಕ ಉತ್ತರ ಕೊಟ್ಟಾಯಿತು. ಎಣ್ಣೆ ಹಚ್ಚುವುದು ಕಣ್ಣೆದುರೇ ನಡೆಯಿತು. ಹೊಸ ಜ್ವರವೊಂದು ಪತ್ತೆಯಾಯಿತು. ದೊಡ್ಡ ಸಂಸ್ಥೆಗಳು ಹಣ ಸುರಿದು ನಡೆಸುವ ಸಮೀಕ್ಷೆ, ಪ್ರಚಾರ, ನಿಗಾ ಎಲ್ಲವೂ ಒಂದು ಕಟ್ಟೆಯ ಮೇಲೆ ಹತ್ತು ನಿಮಿಷದಲ್ಲಿ ಮುಗಿದಿದೆ.

‘ಆಶಾ’ ಎಂಬ ವ್ಯವಸ್ಥೆ ಬಂದದ್ದು 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರು, ಅದೇ ಊರಿನ ಹೆಣ್ಣುಮಗಳೇ ಆಗಿರಬೇಕು ಎಂಬುದು ನಿಯಮ. ಸರ್ಕಾರದ ಲೆಕ್ಕದಲ್ಲಿ ಇವರು ನೌಕರರಲ್ಲ, ಸ್ವಯಂಸೇವಕಿಯರು. ಸಂಬಳವಿಲ್ಲ, ಗೌರವಧನ ಮತ್ತು ಮಾಡಿದ ಕೆಲಸಕ್ಕೆ ಇಂತಿಷ್ಟು ಪ್ರೋತ್ಸಾಹಧನ. ನಮ್ಮ ಕಡೆ ಅಡಕೆ ಸುಲಿಯಲು ಬಂದವರಿಗೆ ಸುಲಿದಷ್ಟಕ್ಕೆ ಕೂಲಿ ಕೊಡುವ ಹಾಗೆ: ಹೆರಿಗೆಗೆ ಆಸ್ಪತ್ರೆಗೆ ಕರೆತಂದರೆ ಇಷ್ಟು, ಮಗುವಿನ ಲಸಿಕೆ ಪೂರ್ತಿ ಮಾಡಿಸಿದರೆ ಇಷ್ಟು. ಕಟ್ಟೆಯ ಮೇಲೆ ಕೂತು ಒಬ್ಬರ ಮನಸ್ಸು ತಿರುಗಿಸಿದ್ದಕ್ಕೆ ಆ ಪಟ್ಟಿಯಲ್ಲಿ ಅಂಕಣವಿಲ್ಲ.

ಕೋವಿಡ್ ಕಾಲದಲ್ಲಿ ಮನೆಮನೆ ಸಮೀಕ್ಷೆ, ಹೊರಗಿಂದ ಬಂದವರ ಪಟ್ಟಿ, ಕ್ವಾರಂಟೈನ್ ನಿಗಾ ಎಲ್ಲವೂ ಇವರ ಹೆಗಲಿಗೆ ಬಿತ್ತು. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಗದಿತ ಗೌರವಧನ ಮತ್ತು ಸರಿಯಾದ ರಕ್ಷಣಾ ಸಾಮಗ್ರಿ ಕೇಳಿ ಮುಷ್ಕರ ಹೂಡಿದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಆ ಪ್ರಶಸ್ತಿಯ ಹೆಸರಿನಲ್ಲಿ ‘ನಾಯಕರು’ ಎಂಬ ಪದವೇ ಇತ್ತು. ನಮ್ಮ ಕಡತಗಳಲ್ಲಿ ಅವರು ಇಂದಿಗೂ ಸ್ವಯಂಸೇವಕಿಯರೇ.

ಹುದ್ದೆ ಬೇರೆ, ನಾಯಕತ್ವ ಬೇರೆ

ಕಾರವಾರದ ಮೀನುಪೇಟೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೋಣಿ ಗಂಡಸರದ್ದು, ಬಲೆ ಗಂಡಸರದ್ದು. ಆದರೆ ಮೀನು ದಡಕ್ಕೆ ಬಂದ ಮೇಲೆ ಯಾವುದಕ್ಕೆ ಎಷ್ಟು ದರ, ಯಾವ ಊರಿಗೆ ಎಷ್ಟು ಬುಟ್ಟಿ, ಯಾರಿಗೆ ಸಾಲ ಕೊಡಬಹುದು ಎಂದು ತೀರ್ಮಾನ ಮಾಡುವುದು ಬುಟ್ಟಿ ಹೊತ್ತ ಹೆಂಗಸರು. ಅವರಿಗೆ ಹುದ್ದೆಯ ಹೆಸರಿಲ್ಲ, ಅವರ ಮಾತು ಮಾತ್ರ ನಡೆಯುತ್ತದೆ.

ಸಂಸ್ಥೆ ಯಾವುದೇ ಇರಲಿ, ಆಸ್ಪತ್ರೆ, ಪಂಚಾಯ್ತಿ, ಸಹಕಾರಿ ಸಂಘ, ಸ್ವಸಹಾಯ ಗುಂಪು, ಕಾಯಿಲೆಯ ಕಾಲದಲ್ಲಿ ಮುಂದಾಳು ಮಾಡಬೇಕಾದ್ದು ಮುಖ್ಯವಾಗಿ ಇಷ್ಟು: ಏನಾಗುತ್ತಿದೆ ಎಂದು ಬೇಗ ತಿಳಿದುಕೊಳ್ಳುವುದು, ತಿಳಿದದ್ದನ್ನು ಮುಚ್ಚಿಡದೆ ಜನ ನಂಬುವ ಹಾಗೆ ಹೇಳುವುದು, ಇರುವ ಹಣ, ಆಳು, ಸಾಮಾನನ್ನು ಎಲ್ಲಿಗೆ ಮೊದಲು ಕಳಿಸಬೇಕೆಂದು ನಿರ್ಧರಿಸುವುದು. ತಿಳಿಯುವುದೂ ಹೇಳುವುದೂ ಬಹುಪಾಲು ಹೆಂಗಸರ ಕೈಯಲ್ಲಿದೆ. ನಿರ್ಧಾರಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಜಗತ್ತಿನ ಆರೋಗ್ಯ ಕ್ಷೇತ್ರದಲ್ಲಿ ದುಡಿಯುವವರಲ್ಲಿ ಶೇಕಡ ಸುಮಾರು 70ರಷ್ಟು ಮಹಿಳೆಯರು. ಮೇಲಿನ ಹುದ್ದೆಗಳಲ್ಲಿ ಅವರು ಶೇಕಡ 25 ಮಾತ್ರ.

ಮೇಜಿನ ಸುತ್ತ ಹೆಂಗಸರು ಯಾರೂ ಇಲ್ಲದಿದ್ದರೆ ಏನಾಗುತ್ತದೆ?

2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆಲ್ಲ ಬೀಗ ಬಿತ್ತು. ಅಗತ್ಯ ವಸ್ತುಗಳನ್ನು ಮಾತ್ರ ತಯಾರಿಸಬಹುದು, ಸಾಗಿಸಬಹುದು ಎಂದು ಆದೇಶವಾಯಿತು. ಅಕ್ಕಿ, ಬೇಳೆ, ಹಾಲು, ಔಷಧ ಎಲ್ಲ ಆ ಪಟ್ಟಿಯಲ್ಲಿದ್ದವು. ಮುಟ್ಟಿನ ಪ್ಯಾಡ್‌ನ ಹೆಸರು ಸ್ಪಷ್ಟವಾಗಿ ಇರಲಿಲ್ಲ. ಕಾರ್ಖಾನೆ ನಿಂತಿತು, ಲಾರಿ ನಿಂತಿತು, ಅಂಗಡಿಯಲ್ಲಿ ಸರಕು ಮುಗಿಯುತ್ತ ಬಂತು. ಮಾರ್ಚ್ 29ರಂದು ಗೃಹ ಇಲಾಖೆ ಪತ್ರ ಬರೆದು ಪ್ಯಾಡ್ ಕೂಡ ಅಗತ್ಯ ವಸ್ತುವೇ ಎಂದು ಸ್ಪಷ್ಟಪಡಿಸಬೇಕಾಯಿತು.

ಯಾರೂ ಬೇಕೆಂದು ಹೀಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ತಿಂಗಳಿಗೊಮ್ಮೆ ಬೇಕಾಗುವ ವಸ್ತುವಿನ ನೆನಪು, ಅದು ಬೇಕಾಗದವರಿಗೆ ಆ ಗಡಿಬಿಡಿಯಲ್ಲಿ ಬರಲಿಲ್ಲ, ಅಷ್ಟೇ. ತುರ್ತಿನಲ್ಲಿ ಪಟ್ಟಿ ಮಾಡುವವರು ತಮಗೆ ಗೊತ್ತಿರುವ ಬದುಕಿನಿಂದಲೇ ಪಟ್ಟಿ ಮಾಡುತ್ತಾರೆ. ರಕ್ಷಣಾ ಉಡುಪಿನ ಕತೆಯೂ ಇದೇ. ಜಗತ್ತಿನ ಎಷ್ಟೋ ಕಡೆ ಪಿಪಿಇ ಕಿಟ್‌ಗಳು ಗಂಡಸಿನ ಮೈಕಟ್ಟಿನ ಅಳತೆಗೆ ಹೊಲಿದವು. ತೊಟ್ಟವರಲ್ಲಿ ಹೆಚ್ಚಿನವರು ನರ್ಸುಗಳು. ತೋಳು ಜೋತು ಬೀಳುತ್ತದೆ, ಕನ್ನಡಕ ಕೂರುವುದಿಲ್ಲ, ಒಮ್ಮೆ ತೊಟ್ಟರೆ ಪಾಳಿ ಮುಗಿಯುವವರೆಗೆ ಬಿಚ್ಚುವಂತಿಲ್ಲ. ಮುಟ್ಟಿನ ದಿನಗಳಲ್ಲಿ ಆ ಆರೇಳು ತಾಸು ಹೇಗಿರುತ್ತದೆಂದು ಖರೀದಿಯ ಕಡತಕ್ಕೆ ಸಹಿ ಹಾಕುವವರು ಕೇಳಿಕೊಂಡಿರಲಿಲ್ಲ.

ನಮ್ಮ ಉಣುಗಿನ ಎಣ್ಣೆಗೂ ಈ ಮಾತು ಸಲ್ಲುತ್ತದೆ. ಎಣ್ಣೆಯ ಬಾಟಲಿ ಎಷ್ಟು ಹಂಚಿದೆವು ಎಂಬ ಲೆಕ್ಕ ಸಭೆಯಲ್ಲಿ ಸಿಗುತ್ತದೆ. ಎಷ್ಟು ಬಾಟಲಿ ಬಚ್ಚಲ ಮನೆಯ ಮಾಡಿನಲ್ಲಿ ಹಾಗೇ ಕೂತಿವೆ ಎಂದು ಬಲ್ಲವಳು ಮನೆ ಒಳಗೆ ಹೋಗಿ ಬಂದವಳು. ಅವಳಿಗೆ ಆ ಸಭೆಯಲ್ಲಿ ಕುರ್ಚಿ ಇದೆಯೇ, ಇದ್ದರೆ ಮಾತಾಡಲು ಹೊತ್ತು ಕೊಡುತ್ತಾರೆಯೇ ಎಂಬುದು ಮುಂದಿನ ಸುಗ್ಗಿಯ ಜ್ವರದ ಲೆಕ್ಕವನ್ನು ಬದಲಿಸಬಲ್ಲದು.

ಮೇಲಿನ ಕುರ್ಚಿಗಳಲ್ಲಿ ಹೆಂಗಸರು ಇಲ್ಲವೇ ಇಲ್ಲ ಎಂದಲ್ಲ. ಕೋವಿಡ್ ಬಂದಾಗ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ನಿರ್ದೇಶಕಿಯಾಗಿದ್ದವರು ಡಾ. ಪ್ರಿಯಾ ಅಬ್ರಹಾಂ. ದೇಶದ ಮೊದಲ ಪರೀಕ್ಷೆಗಳೂ ಕೋವ್ಯಾಕ್ಸಿನ್‌ಗೆ ಬೇಕಾದ ವೈರಸ್ ತಳಿಯೂ ಹೊರಬಂದದ್ದು ಆ ಸಂಸ್ಥೆಯಿಂದ. 1957ರಲ್ಲಿ ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಿದ್ದೂ ಅದೇ ಸಂಸ್ಥೆ, ಆಗ ಅದರ ಹೆಸರು ಬೇರೆ ಇತ್ತು. ಕೇರಳದಲ್ಲಿ 2018ರ ನಿಪಾ ಮತ್ತು ಮುಂದೆ ಕೋವಿಡ್ ಎದುರಿಸುವಾಗ ಆರೋಗ್ಯ ಸಚಿವೆಯಾಗಿದ್ದವರು ಕೆ.ಕೆ. ಶೈಲಜಾ. ನಿಪಾ ರೋಗಿಯ ಆರೈಕೆ ಮಾಡಿ ತಾನೇ ಪ್ರಾಣ ಬಿಟ್ಟ ನರ್ಸ್ ಲಿನಿ ಪುದುಶ್ಶೇರಿ ಕೂಡ ಅದೇ ಹೋರಾಟದವರು. 2024ರ ಆರಂಭದಲ್ಲಿ ಸಿದ್ದಾಪುರದಲ್ಲಿ ಮಂಗನ ಕಾಯಿಲೆ ಹೆಚ್ಚಿದಾಗ ನಮ್ಮ ಜಿಲ್ಲಾಧಿಕಾರಿಯಾಗಿದ್ದವರು ಗಂಗೂಬಾಯಿ ಮಾನಕರ.

ಪಂಚಾಯ್ತಿ ಕುರ್ಚಿಯ ಕತೆ

ಊರ ಮಟ್ಟದಲ್ಲಿ ಹೆಂಗಸರು ಅಧಿಕಾರಕ್ಕೆ ಬಂದ ದಾರಿಯಲ್ಲಿ ಕರ್ನಾಟಕ ಮುಂಚೂಣಿಯಲ್ಲಿತ್ತು. 1983ರ ಕಾಯ್ದೆಯಲ್ಲೇ ಶೇಕಡ 25 ಸ್ಥಾನ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಯಾಗಿ ಇಡೀ ದೇಶದಲ್ಲಿ ಮೂರನೇ ಒಂದು ಪಾಲು ಕಡ್ಡಾಯವಾಯಿತು. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಇವತ್ತು ನಮ್ಮ ಗ್ರಾಮ ಪಂಚಾಯ್ತಿಗಳ ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಇರುವುದು ಇದರಿಂದ.

ಕೋವಿಡ್‌ನಲ್ಲಿ ಪ್ರತಿ ಗ್ರಾಮ ಪಂಚಾಯ್ತಿಗೂ ಕಾರ್ಯಪಡೆ ರಚನೆಯಾಯಿತು. ಪಂಚಾಯ್ತಿಯವರು, ಪಿಡಿಒ, ಆಶಾ, ಅಂಗನವಾಡಿ ಕಾರ್ಯಕರ್ತೆ, ಆರೋಗ್ಯ ಸಹಾಯಕಿ ಒಟ್ಟಿಗೆ ಕೂರುವ ವ್ಯವಸ್ಥೆ. ಆದರೆ ಹಿಂದಿನ ಪಂಚಾಯ್ತಿಗಳ ಅವಧಿ 2020ರ ಮಧ್ಯದಲ್ಲೇ ಮುಗಿದು ಆಡಳಿತಾಧಿಕಾರಿಗಳು ಬಂದರು. ಡಿಸೆಂಬರ್‌ನಲ್ಲಿ ಚುನಾವಣೆ ಆಯಿತು. ಹೊಸ ಅಧ್ಯಕ್ಷೆಯರು ಕುರ್ಚಿಯಲ್ಲಿ ಕೂತು ಕೆಲವೇ ತಿಂಗಳಾಗಿತ್ತು, ಎರಡನೇ ಅಲೆ ಬಂತು. ಕಡತ ಓದುವುದು ಕಲಿಯುವ ಹೊತ್ತಿಗೆ ಆಮ್ಲಜನಕದ ಸಿಲಿಂಡರ್, ಕೇರ್ ಸೆಂಟರ್, ಆಂಬುಲೆನ್ಸ್ ಹುಡುಕುವ ಕೆಲಸ ತಲೆಮೇಲೆ ಬಿತ್ತು.

ಕುರ್ಚಿ ಸಿಕ್ಕಿದ ಮಾತ್ರಕ್ಕೆ ಅಧಿಕಾರ ಸಿಗುವುದಿಲ್ಲ ಎಂಬುದೂ ಎಲ್ಲರಿಗೆ ಗೊತ್ತಿರುವ ವಿಚಾರ. ಅಧ್ಯಕ್ಷೆಯ ಹೆಸರಿನಲ್ಲಿ ಗಂಡನೋ ಮೈದುನನೋ ಫೋನ್ ಎತ್ತುವುದು, ಸಭೆಗೆ ಬಂದು ಕೂರುವುದು ಇನ್ನೂ ಇದೆ. ಬೇರೆ ದಿನಗಳಲ್ಲಿ ಇದು ಅನ್ಯಾಯ. ಕಾಯಿಲೆಯ ದಿನಗಳಲ್ಲಿ ಅಪಾಯ ಕೂಡ, ಯಾಕೆಂದರೆ ಆಶಾ ಕಾರ್ಯಕರ್ತೆ ರಾತ್ರಿ ಹತ್ತಕ್ಕೆ ಒಬ್ಬ ಹುಡುಗಿಯ ಜ್ವರ, ರಕ್ತಸ್ರಾವದ ಮಾತನ್ನು ಇನ್ನೊಬ್ಬ ಹೆಂಗಸಿಗೆ ಹೇಳುವಷ್ಟು ಸಲೀಸಾಗಿ ಅವಳ ಗಂಡನಿಗೆ ಹೇಳಲಾರಳು. ಅಲ್ಲಿ ಒಂದು ದಿನ ತಡವಾಗುತ್ತದೆ.

‘ಗಾಜಿನ ಅಂಚು’ ಎಂದರೇನು?

ಹೆಂಗಸರು ಮೇಲೇರದಂತೆ ತಡೆಯುವ, ಕಣ್ಣಿಗೆ ಕಾಣದ ತಡೆಯನ್ನು ‘ಗಾಜಿನ ಚಾವಣಿ’ ಎಂದು ಕರೆಯುವುದನ್ನು ಕೆಲವರು ಕೇಳಿರಬಹುದು. 2005ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಮಿಶೆಲ್ ರಯಾನ್ ಮತ್ತು ಅಲೆಕ್ಸ್ ಹ್ಯಾಸ್ಲಮ್ ಇನ್ನೊಂದು ಸಂಗತಿಗೆ ಹೆಸರಿಟ್ಟರು. ಬ್ರಿಟನ್ನಿನ ದೊಡ್ಡ ಕಂಪನಿಗಳು ಹೆಂಗಸರನ್ನು ಆಡಳಿತ ಮಂಡಳಿಗೆ ತೆಗೆದುಕೊಂಡದ್ದು ಯಾವಾಗ ಎಂದು ನೋಡಿದರೆ, ಅದಕ್ಕೂ ಮುಂಚಿನ ತಿಂಗಳುಗಳಲ್ಲೇ ಕಂಪನಿ ಸೋಲುತ್ತ ಬಂದಿರುವುದು ಎದ್ದು ಕಂಡಿತು. ಎಲ್ಲ ಸರಿ ಇರುವಾಗ ಕೊಡದ ಕುರ್ಚಿಯನ್ನು ಕಷ್ಟ ಬಂದಾಗ ಕೊಡುತ್ತಾರೆ. ಇದು ಗಾಜಿನ ಅಂಚು, ಎಂದರೆ ಕಾಲಿಟ್ಟರೆ ಜಾರುವ ಪ್ರಪಾತದ ತುದಿ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಶಿರಸಿಯಿಂದ ಕುಮಟೆಗೆ ಹೊರಟ ಬಸ್ಸಿಗೆ ದೇವಿಮನೆ ಘಟ್ಟದ ತಿರುವಿನಲ್ಲಿ ಬ್ರೇಕ್ ಕೈಕೊಟ್ಟಾಗ ಸ್ಟೀರಿಂಗ್ ಬಿಟ್ಟುಕೊಟ್ಟ ಹಾಗೆ. ಬಸ್ಸು ನಿಂತರೆ ದೇವರು ದೊಡ್ಡವನು. ಉರುಳಿದರೆ ‘ಅವಳಿಗೆ ಗಾಡಿ ಬಿಡಲು ಬರುತ್ತಿರಲಿಲ್ಲ’ ಎನ್ನುತ್ತಾರೆ. ಬ್ರೇಕ್ ಯಾವಾಗ ಸವೆಯಿತೆಂದು ಯಾರೂ ಕೇಳುವುದಿಲ್ಲ.

ಆಸ್ಪತ್ರೆ, ಪ್ರಯೋಗಾಲಯ, ಪಂಚಾಯ್ತಿಗಳಲ್ಲಿ ಹೆಂಗಸರ ಸಾಧನೆಯನ್ನೋ ಸೋಲನ್ನೋ ಅಳೆಯುವಾಗ ಅವರ ಕೈಗೆ ಅಧಿಕಾರ ಬಂದದ್ದು ಯಾವಾಗ, ಜೊತೆಗೆ ಹಣ ಮತ್ತು ಆಳು ಬಂದವೇ ಎಂದು ಕೇಳಬೇಕಾದದ್ದು ಇದಕ್ಕೆ.

ಹಾಗಾದರೆ ಹೆಂಗಸರು ಮುಂದಿದ್ದರೆ ಸಾವು ಕಡಿಮೆಯೇ?

ಕೋವಿಡ್‌ನ ಮೊದಲ ವರ್ಷ ಈ ಪ್ರಶ್ನೆ ಜಗತ್ತೆಲ್ಲ ಸುತ್ತಿತು. ನ್ಯೂಜಿಲೆಂಡ್‌ನ ಜಸಿಂಡಾ ಆರ್ಡರ್ನ್, ಜರ್ಮನಿಯ ಏಂಜೆಲಾ ಮರ್ಕೆಲ್ ಹೆಸರುಗಳು ಎಲ್ಲ ಕಡೆ ಬಂದವು. ಸುಪ್ರಿಯಾ ಗರಿಕಿಪಾಟಿ ಮತ್ತು ಉಮಾ ಕಂಭಂಪಾಟಿ ಎಂಬ ಅರ್ಥಶಾಸ್ತ್ರಜ್ಞೆಯರು 194 ದೇಶಗಳ ಅಂಕಿ ಇಟ್ಟುಕೊಂಡು, ಒಂದೇ ಥರದ ದೇಶಗಳನ್ನು ಜೋಡಿ ಮಾಡಿ ಹೋಲಿಸಿದರು. ಹೆಂಗಸರು ಮುನ್ನಡೆಸಿದ ದೇಶಗಳಲ್ಲಿ ಮೊದಲ ಅಲೆಯ ಸಾವು ಕಡಿಮೆ ಇದ್ದದ್ದು ಕಂಡಿತು. ಅವರು ಬೇಗ ಬೀಗ ಹಾಕಿದ್ದು ಒಂದು ಕಾರಣ ಎಂದರು.

ಇಲ್ಲಿ ಎಚ್ಚರ ಬೇಕು. 194ರಲ್ಲಿ ಹೆಂಗಸರು ಮುನ್ನಡೆಸುತ್ತಿದ್ದದ್ದು 19 ದೇಶಗಳನ್ನು ಮಾತ್ರ. ಇಷ್ಟು ಚಿಕ್ಕ ಗುಂಪಿನಲ್ಲಿ ಒಂದೆರಡು ದೇಶ ಅತ್ತಿತ್ತ ಆದರೂ ಉತ್ತರ ಬದಲಾಗಬಹುದು. ಇನ್ನೊಂದು ಪ್ರಶ್ನೆಯೂ ಇದೆ. ಹೊಳೆ ದಂಡೆಯ ತೋಟದಲ್ಲಿ ಅಡಕೆ ಸೊಂಪಾಗಿ ಬಂದರೆ ಅದು ತೋಟ ಮಾಡಿದವರ ಕೈಗುಣವೋ, ಹೊಳೆಯ ನೀರಿನ ಗುಣವೋ? ಹೆಂಗಸರನ್ನು ಆರಿಸುವ ದೇಶಗಳಲ್ಲಿ ಮೊದಲೇ ಒಳ್ಳೆಯ ಆಸ್ಪತ್ರೆ, ಸರ್ಕಾರದ ಮೇಲೆ ನಂಬಿಕೆ ಇದ್ದಿರಬಹುದು. ಹೆಂಗಸು ಹುಟ್ಟಿನಿಂದಲೇ ಕರುಣಾಮಯಿ, ಅದಕ್ಕೇ ಒಳ್ಳೆಯ ನಾಯಕಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಹೊಗಳಿಕೆಯ ಬೆನ್ನಿಗೇ ‘ಸೇವೆ ತಾನೇ, ಸಂಬಳ ಯಾಕೆ’ ಎಂಬ ಮಾತೂ ಬರುತ್ತದೆ. ಗಟ್ಟಿಯಾಗಿ ಹೇಳಬಹುದಾದ ಕಾರಣ ಸರಳ. ಮನೆಯೊಳಗಿನ ಜ್ವರ, ಅಡುಗೆಮನೆಯ ಕೊರತೆ, ಬೆಟ್ಟದ ದಾರಿ ಯಾರಿಗೆ ಗೊತ್ತೋ ಅವರು ನಿರ್ಧಾರದ ಜಾಗದಲ್ಲಿದ್ದರೆ ಸುದ್ದಿಗೂ ನಿರ್ಧಾರಕ್ಕೂ ನಡುವಿನ ಹೊತ್ತು ಕಡಿಮೆಯಾಗುತ್ತದೆ.

ಇದು ಕೋವಿಡ್ ಕಲಿಸಿದ ಹೊಸ ಪಾಠವೂ ಅಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿದಾಗ ಸಾವಿತ್ರಿಬಾಯಿ ಫುಲೆ ಮಗ ಯಶವಂತನ ಜೊತೆ ರೋಗಿಗಳ ಆರೈಕೆಗೆ ನಿಂತು, ಅದೇ ರೋಗ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಆಗ ನಮ್ಮ ಜಿಲ್ಲೆಯೂ ಅದೇ ಮುಂಬಯಿ ಪ್ರಾಂತ್ಯದಲ್ಲಿತ್ತು. ಇತ್ತೀಚಿನ ಕಾಲದಲ್ಲಿ ಅಂಕೋಲೆಯ ಬಡಗೇರಿಯ ಸುಕ್ರಜ್ಜಿ, ಪದ್ಮಶ್ರೀ ಸುಕ್ರಿ ಬೊಮ್ಮಗೌಡ, ತಮ್ಮ ಹಾಲಕ್ಕಿ ಸಮುದಾಯದ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ಹೋರಾಡಿದರು. ಕುಡಿತವನ್ನು ಊರಿನ ಕಾಯಿಲೆ ಎಂದು ಮೊದಲು ಕಂಡವರು ಕುಡುಕರ ಮನೆ ನಡೆಸುತ್ತಿದ್ದ ಹೆಂಗಸರು.

ಎರಡು ಸಹಿಯ ಖಾತೆ

ಕೊನೆಯದಾಗಿ, ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವ್ಯವಸ್ಥೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂದು ಊರಿಗೊಂದು ಇರಬೇಕು. ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಅದರ ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಪಂಚಾಯ್ತಿ ಸದಸ್ಯರೊಬ್ಬರು, ಸಾಧ್ಯವಾದಷ್ಟೂ ಮಹಿಳೆ, ಅಧ್ಯಕ್ಷತೆ ವಹಿಸಬೇಕು. ಆಶಾ ಕಾರ್ಯಕರ್ತೆಯೇ ಸದಸ್ಯ ಕಾರ್ಯದರ್ಶಿ. ವರ್ಷಕ್ಕೆ 10,000 ರೂಪಾಯಿವರೆಗೆ, ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಾದ ಹಣ ಅದಕ್ಕೆ ಬರುತ್ತದೆ. ಬ್ಯಾಂಕ್ ಖಾತೆಯಿಂದ ತೆಗೆಯಲು ಅಧ್ಯಕ್ಷರದ್ದೂ ಆಶಾ ಕಾರ್ಯಕರ್ತೆಯದ್ದೂ ಎರಡು ಸಹಿ ಬೇಕು.

ಮೊತ್ತ ಸಣ್ಣದು. ಆದರೆ ಕಟ್ಟೆಯ ಮೇಲೆ ಕೂತು ಸುದ್ದಿ ಕೇಳಿದವಳ ಸಹಿ ಇಲ್ಲದೆ ಹಣ ಹೊರಡುವುದಿಲ್ಲ. ತಿಳಿಯುವ ಕೆಲಸ ಮತ್ತು ನಿರ್ಧರಿಸುವ ಕೆಲಸ ಒಂದೇ ಕೈಗೆ ಬರುವ ಜಾಗ ಇದು. ಸಮಿತಿ ತಿಂಗಳಿಗೊಮ್ಮೆ ಸೇರಬೇಕು, ನಡಾವಳಿ ಪುಸ್ತಕ ಇರಬೇಕು. ಕೊನೆಗೌಡ ಅಡಕೆ ಮರ ಹತ್ತುವ ಮುನ್ನ, ನವೆಂಬರ್ ಹೊತ್ತಿಗೆ ನಿಮ್ಮೂರ ಆಶಾ ಅಕ್ಕನನ್ನು ಕೇಳಿ ನೋಡಿ: ಸಮಿತಿ ಕಡೆಯ ಬಾರಿ ಸೇರಿದ್ದು ಯಾವಾಗ, ಡೇಪಾ ಎಣ್ಣೆ ಬಂದಿದೆಯೇ, ಮಂಗ ಸತ್ತರೆ ಆ ಜಾಗಕ್ಕೆ ಯಾರೂ ಹೋಗದ ಹಾಗೆ ಗುರುತು ಹಾಕುವವರು ಯಾರು. ಉತ್ತರ ಅವಳ ಬಾಯಲ್ಲೇ ಇರುತ್ತದೆ. ಪುಸ್ತಕ ಬಹುಶಃ ಅವಳ ಕೈಚೀಲದಲ್ಲೇ ಇರುತ್ತದೆ.